ನೂರು ಸುತ್ತು, ನೂರು ಹೆಸರು

ಅಮೆರಿಕದ ಇಂಡಿಯಾನಾ ರಾಜ್ಯದ ಬ್ಲೂಮಿಂಗ್ಟನ್ನಿನ ವಿದ್ಯಾರ್ಥಿನಿಲಯದಲ್ಲಿದ್ದ ನನ್ನ ಕೋಣೆಯ ಬಾಗಿಲಿನ ಒಳಬದಿಯಲ್ಲಿ ಆ ವರ್ಷದ ಜನವರಿಯಿಂದ ಏಪ್ರಿಲ್‌ವರೆಗೆ ಒಂದು ದೊಡ್ಡ ಹಾಳೆ ಅಂಟಿಕೊಂಡಿತ್ತು. ಅದರಲ್ಲಿ ಸ್ಕೇಲು ಹಿಡಿದು ಎಳೆದ 100 ಮನೆಗಳಿದ್ದವು. ಒಂದು ಮನೆಯೆಂದರೆ ನಾವು ಓಡಬೇಕಿದ್ದ ಸೈಕಲ್ ಸ್ಪರ್ಧೆಯ ಒಂದು ಸುತ್ತು, ಒಂದು ಸುತ್ತಿಗೆ 30 ಡಾಲರ್. ಹಣ ಕೊಟ್ಟವರ ಹೆಸರನ್ನು ಅವರು ಕೇಳಿದ ಮನೆಯಲ್ಲಿಯೇ ಬರೆದು, ಆ ಸುತ್ತು ಅವರದೆಂದು ಹೇಳುತ್ತಿದ್ದೆವು. ಹೀಗೆ ಕೂಡಿದ 3,000 ಡಾಲರ್ ನಮ್ಮ ವಿಶ್ವವಿದ್ಯಾಲಯದಲ್ಲಿ ದುಡಿಯುತ್ತ ಓದುವ ವಿದ್ಯಾರ್ಥಿಗಳ ವೇತನ ನಿಧಿಗೆ ಸೇರಬೇಕೆಂಬುದು ನಮ್ಮ ನಾಲ್ವರ ಸಂಕಲ್ಪವಾಗಿತ್ತು. ಸೈಕಲ್ ತುಳಿಯುವುದನ್ನೂ ಹಣ ಕೇಳುವುದನ್ನೂ ನಾನು ಒಂದೇ ಚಳಿಗಾಲದಲ್ಲಿ ಕಲಿತೆ. ಎರಡರಲ್ಲಿ ಯಾವುದು ಕಷ್ಟವಾಯಿತೆಂದು ಯಾರಾದರೂ ಕೇಳಿದರೆ ಈಗಲೂ ಹಿಂದೆಮುಂದೆ ನೋಡದೆ ಎರಡನೆಯದೆಂದು ಹೇಳುತ್ತೇನೆ.

ಸ್ಪರ್ಧೆಯ ಹೆಸರು ಲಿಟಲ್ 500. ಇಂಡಿಯಾನಾ ವಿಶ್ವವಿದ್ಯಾಲಯದ ಬಿಲ್ ಆರ್ಮ್‌ಸ್ಟ್ರಾಂಗ್ ಕ್ರೀಡಾಂಗಣದಲ್ಲಿ ಪ್ರತಿ ವರ್ಷ ಏಪ್ರಿಲ್ ತಿಂಗಳಲ್ಲಿ ಇದು ನಡೆಯುತ್ತದೆ. ಇದು ಹುಟ್ಟಿದ್ದೇ ದುಡಿದು ಓದುವ ಮಕ್ಕಳಿಗಾಗಿ. ವಿಶ್ವವಿದ್ಯಾಲಯದ ಪ್ರತಿಷ್ಠಾನವನ್ನು ನಡೆಸುತ್ತಿದ್ದ ಹೌಡಿ ವಿಲ್‌ಕಾಕ್ಸ್ ಅವರು ಒಮ್ಮೆ ಹುಡುಗರು ವಿದ್ಯಾರ್ಥಿನಿಲಯವೊಂದರ ಸುತ್ತ ಪೈಪೋಟಿಗೆ ಬಿದ್ದು ಸೈಕಲ್ ಓಡಿಸುವುದನ್ನೂ, ಹುಡುಗಿಯರು ಕಿಟಕಿಗಳಿಂದ ಬಾಗಿ ಕೂಗಿ ಅವರನ್ನು ಹುರಿದುಂಬಿಸುವುದನ್ನೂ ಕಂಡರಂತೆ. ಅವರ ತಂದೆ 1919ರಲ್ಲಿ ಇಂಡಿಯಾನಾಪೊಲಿಸ್ 500 ಮೋಟಾರು ಓಟವನ್ನು ಗೆದ್ದವರು. ಮಗ ಆ ಮೋಟಾರು ಓಟದ ಅಚ್ಚಿನಲ್ಲಿಯೇ ಸೈಕಲ್ ಓಟವೊಂದನ್ನು ಎರಕ ಹೊಯ್ದು, ಅದರಿಂದ ಬರುವ ಹಣವನ್ನು ದುಡಿಯುವ ವಿದ್ಯಾರ್ಥಿಗಳಿಗೆ ಕೊಡಬೇಕೆಂದು 1951ರಲ್ಲಿ ಮೊದಲ ಸ್ಪರ್ಧೆಯನ್ನು ನಡೆಸಿದರು. ಅಲ್ಲಿ 33 ಕಾರುಗಳು ಸಾಲಿಗೆ ಮೂರರಂತೆ 11 ಸಾಲುಗಳಲ್ಲಿ ಹೊರಟರೆ, ಇಲ್ಲಿ 33 ತಂಡಗಳು ಹಾಗೆಯೇ ಹೊರಡುತ್ತವೆ. ಗಂಡುಮಕ್ಕಳ ಓಟ 200 ಸುತ್ತು, ಎಂದರೆ ಸುಮಾರು 80 ಕಿಲೋಮೀಟರ್. ಹೆಣ್ಣುಮಕ್ಕಳಿಗೆ ಬಹುಕಾಲ ಓಟವೇ ಇರಲಿಲ್ಲ. 1987ರಲ್ಲಿ ನಾಲ್ವರು ವಿದ್ಯಾರ್ಥಿನಿಯರು ಗಂಡುಮಕ್ಕಳ ಓಟಕ್ಕೇ ಅರ್ಹತೆ ಪಡೆಯಲು ಹೊರಟು ಅದು ಕೈಗೂಡದೆ ಹೋದ ಮೇಲೆ, 1988ರಲ್ಲಿ 100 ಸುತ್ತುಗಳ ಮಹಿಳಾ ಓಟ ಆರಂಭವಾಯಿತು. 1951ರ ಮೊದಲ ಓಟವನ್ನು ಗೆದ್ದ ಸೌತ್ ಹಾಲ್ ಬಕನೀರ್ಸ್ ತಂಡವೂ, 1988ರ ಮೊದಲ ಮಹಿಳಾ ಓಟವನ್ನು ಗೆದ್ದ ವಿಲ್ಕಿ ಸ್ಪ್ರಿಂಟ್ ತಂಡವೂ ವಿದ್ಯಾರ್ಥಿನಿಲಯಗಳ ತಂಡಗಳೆಂಬುದು ನಮ್ಮಂಥವರಿಗೆ ದೊಡ್ಡ ಧೈರ್ಯವಾಗಿತ್ತು, ಏಕೆಂದರೆ ನಮ್ಮದೂ ಒಂದು ವಿದ್ಯಾರ್ಥಿನಿಲಯದ ತಂಡವೇ.

ನಾನು ಕಲಬುರಗಿ ಜಿಲ್ಲೆಯ ಶಹಾಬಾದದವಳು. ಮುತ್ಯಾ ಫರಸಿ ಕಲ್ಲಿನ ಗಣಿಯಲ್ಲಿ ದುಡಿದವರು. ಅಪ್ಪ ಪುಣೆಯಲ್ಲಿ ಎಂಜಿನ್ ತಯಾರಿಸುವ ಕಂಪನಿಯೊಂದರಲ್ಲಿದ್ದರು. ಅವರಿಗೆ ಇಂಡಿಯಾನಾದ ಕೊಲಂಬಸ್ ಪಟ್ಟಣಕ್ಕೆ ವರ್ಗವಾದಾಗ ಅವ್ವನೂ ನಾನೂ ಜೊತೆಗೆ ಬಂದೆವು. ಅಲ್ಲಿಯವರೆಗೆ ನಾನು ಓದಿದ್ದು ಊರಿನ ಅನುದಾನಿತ ಕನ್ನಡ ಶಾಲೆಯಲ್ಲಿ. ರಾಜ್ಯ ಸರ್ಕಾರ 2006-07ರಿಂದ ಎಂಟನೆಯ ತರಗತಿಯ ಮಕ್ಕಳಿಗೆ ಉಚಿತವಾಗಿ ಕೊಡಲು ಆರಂಭಿಸಿದ ಸೈಕಲ್ಲುಗಳಲ್ಲಿ ಒಂದು ನನಗೂ ಸಿಕ್ಕಿತ್ತು. ಗೇರಿಲ್ಲದ ಆ ಭಾರವಾದ ಸೈಕಲ್ಲಿನ ಮೇಲೆ ಎದುರುಗಾಳಿಯಲ್ಲಿ ಶಾಲೆಗೆ ಹೋಗಿಬಂದ ಎರಡು ವರ್ಷಗಳೇ ನನ್ನ ಮೊದಲ ತರಬೇತಿಯೆಂದು ಈಗ ಅನ್ನಿಸುತ್ತದೆ. ಬ್ಲೂಮಿಂಗ್ಟನ್ನಿಗೆ ಓದಲು ಬಂದ ಮೊದಲ ವಾರ ಅಲ್ಲಿನ ಕಟ್ಟಡಗಳ ಗೋಡೆ ಮುಟ್ಟಿ ನೋಡಿದೆ. ನ್ಯೂಯಾರ್ಕಿನ ಎಂಪೈರ್ ಸ್ಟೇಟ್ ಕಟ್ಟಡಕ್ಕೆ ಹೋದದ್ದು ಇದೇ ಸೀಮೆಯ ಸುಣ್ಣಕಲ್ಲು. ನಮ್ಮ ಫರಸಿಯೂ ಸುಣ್ಣಕಲ್ಲೇ. ಮುತ್ಯಾನ ಅಂಗೈ ನೆನಪಾಗಿ ಸ್ವಲ್ಪ ಹೊತ್ತು ಅಲ್ಲಿಯೇ ನಿಂತಿದ್ದೆ.

ಎರಡನೆಯ ವರ್ಷದಲ್ಲಿ ನಮ್ಮ ಮಹಡಿಯ ನರ್ಸಿಂಗ್ ವಿದ್ಯಾರ್ಥಿನಿಯೊಬ್ಬಳು ತಂಡಕ್ಕೆ ನಾಲ್ಕನೆಯವಳನ್ನು ಹುಡುಕುತ್ತಿದ್ದಳು. ಅವಳು ಹಿಂದಿನ ವರ್ಷ ಓಡಿದ್ದಳು, ನಾಯಕಿಯೂ ಅವಳೇ. ಎರಡನೆಯವಳು ಸಂಗೀತ ವಿಭಾಗದಲ್ಲಿ ಚೆಲ್ಲೋ ನುಡಿಸುತ್ತಿದ್ದವಳು. ಬಿದ್ದರೆ ಬೆರಳುಗಳ ಗತಿಯೇನೆಂಬ ಭಯವನ್ನು ಅವಳು ಕೊನೆಯ ದಿನದವರೆಗೂ ಬಾಯಿಬಿಟ್ಟು ಹೇಳಲಿಲ್ಲ, ಆದರೆ ಬೇರೆಲ್ಲರಿಗಿಂತ ದಪ್ಪನೆಯ ಕೈಗವಸು ಹಾಕಿಕೊಳ್ಳುತ್ತಿದ್ದಳು. ಮೂರನೆಯವಳು ರಾಜ್ಯದ ಉತ್ತರ ತುದಿಯ ಗ್ಯಾರಿ ಪಟ್ಟಣದವಳು, ವಿದ್ಯಾರ್ಥಿನಿಲಯದ ಊಟದ ಮನೆಯಲ್ಲಿ ಬೆಳಗಿನ ಐದು ಗಂಟೆಯ ಪಾಳಿಯಲ್ಲಿ ಕೆಲಸಕ್ಕಿದ್ದಳು. ಐದರಿಂದ ಒಂಬತ್ತರವರೆಗೆ ಮೊಟ್ಟೆ ಬೇಯಿಸಿ, ತಟ್ಟೆ ತೊಳೆದು, ಹತ್ತಕ್ಕೆ ತರಗತಿಗೆ ಹೋಗಿ, ಸಂಜೆ ನಮ್ಮೊಡನೆ ಸೈಕಲ್ ತುಳಿದು, ರಾತ್ರಿ ಹತ್ತಕ್ಕೆ ಓದಲು ಕೂರುತ್ತಿದ್ದಳು. ನಿಧಿಗೆ ಹಣ ಕೂಡಿಸೋಣವೆಂದು ನಾಯಕಿ ಸೂಚಿಸಿದಾಗ ನಾವು ಮೂವರೂ ಅವಳ ಮುಖ ನೋಡಿದೆವು. ಅವಳು, ‘ನನಗಾಗಿ ಬೇಡ, ನನ್ನಂಥವರಿಗಾಗಿ ಆದರೆ ನಾನೂ ಕೇಳಲು ಬರುತ್ತೇನೆ’ ಎಂದಳು. ಆ ಮಾತಿನ ಮೇಲೆಯೇ ನಮ್ಮ ಹಾಳೆ ಸಿದ್ಧವಾಯಿತು.

ಈ ಓಟದ ಸೈಕಲ್ಲನ್ನು ವಿವರಿಸದೆ ಮುಂದಿನದು ಅರ್ಥವಾಗದು. ಎಲ್ಲ ತಂಡಗಳದೂ ಒಂದೇ ಬಗೆಯ ಸೈಕಲ್. ಗೇರು ಒಂದೇ, ಪೆಡಲು ಸಪಾಟು, ಹ್ಯಾಂಡಲ್ಲಿನಲ್ಲಿ ಬ್ರೇಕಿಲ್ಲ, ಪೆಡಲನ್ನು ಹಿಂದಕ್ಕೆ ಒತ್ತಿದರೆ ಮಾತ್ರ ನಿಲ್ಲುತ್ತದೆ. ತಂಡಕ್ಕೆ ಎರಡು ಸೈಕಲ್, ಓಡುವವರು ನಾಲ್ವರು. ಒಬ್ಬಳು ದಣಿದಾಗ ಇನ್ನೊಬ್ಬಳಿಗೆ ಸೈಕಲ್ಲನ್ನು ಓಡುತ್ತಿರುವಂತೆಯೇ ದಾಟಿಸಬೇಕು, ಮಹಿಳೆಯರ ಓಟದಲ್ಲಿ ಹೀಗೆ ಕನಿಷ್ಠ ಐದು ಬಾರಿ ಬದಲಾಗಲೇಬೇಕು. ಓಡುವ ದಾರಿ ಡಾಂಬರಿನದಲ್ಲ, ಕಲ್ಲಿದ್ದಲು ಸುಟ್ಟ ಕಿಟ್ಟದ ಪುಡಿಯದು. ತಿರುವಿನಲ್ಲಿ ಸೈಕಲ್ಲನ್ನು ಒಂದಿಷ್ಟು ಹೆಚ್ಚು ವಾಲಿಸಿದರೂ ಗಾಲಿ ಕೆಳಗಿನಿಂದ ಜಾರುತ್ತದೆ, ಬಿದ್ದರೆ ಕಪ್ಪು ಹರಳುಗಳು ಚರ್ಮದೊಳಗೆ ಹೂತುಕೊಳ್ಳುತ್ತವೆ. ಗೇರು ಒಂದೇ ಆದುದರಿಂದ ವೇಗ ಹೆಚ್ಚಿಸಲು ಕಾಲನ್ನು ಬೇಗ ಬೇಗ ತಿರುಗಿಸುವುದಲ್ಲದೆ ಬೇರೆ ದಾರಿಯಿಲ್ಲ. ನಿಮಿಷಕ್ಕೆ ನೂರಕ್ಕೂ ಹೆಚ್ಚು ಬಾರಿ ಪೆಡಲು ತಿರುಗುತ್ತಿರುವಾಗ ಸೊಂಟ ಸೀಟಿನ ಮೇಲೆ ಕುಣಿಯದಂತೆ ಕೂರುವುದನ್ನು ಕಲಿಯಲು ನನಗೆ ಎರಡು ತಿಂಗಳು ಹಿಡಿಯಿತು.

ಜನವರಿ, ಫೆಬ್ರವರಿಯಲ್ಲಿ ಹಿಮ ಬೀಳುವುದರಿಂದ ತರಬೇತಿ ಹೆಚ್ಚಾಗಿ ಒಳಗೆ, ರೋಲರಿನ ಮೇಲೆ ನಡೆಯುತ್ತಿತ್ತು. ನೆಲದ ಮೇಲೆ ಮೂರು ಉರುಳೆಗಳಿರುವ ಚೌಕಟ್ಟನ್ನಿಟ್ಟು ಅದರ ಮೇಲೆ ಸೈಕಲ್ ನಿಲ್ಲಿಸಿ ತುಳಿಯುವುದು. ಹಿಡಿದು ನಿಲ್ಲಿಸುವ ಕೊಂಡಿ ಯಾವುದೂ ಇರುವುದಿಲ್ಲ, ಕಣ್ಣು ಪಕ್ಕಕ್ಕೆ ಹೊರಳಿದರೆ ಸೈಕಲ್ಲೂ ಪಕ್ಕಕ್ಕೆ ಹೊರಳುತ್ತದೆ. ಮೊದಲ ವಾರವೆಲ್ಲ ಗೋಡೆ ಹಿಡಿದುಕೊಂಡೇ ತುಳಿದೆ. ಹಿಮ ಕರಗಿದ ದಿನಗಳಲ್ಲಿ 446ನೆಯ ರಾಜ್ಯರಸ್ತೆ ಹಿಡಿದು ಮನ್ರೋ ಕೆರೆಯ ಸೇತುವೆಯವರೆಗೆ ಹೋಗುತ್ತಿದ್ದೆವು. ಇಂಡಿಯಾನಾವೆಂದರೆ ಬಯಲೆಂದು ತಿಳಿದವರು ಆ ದಾರಿಯಲ್ಲೊಮ್ಮೆ ತುಳಿದು ನೋಡಬೇಕು. ಇಳಿದ ಉಸಿರು ಹಿಂತಿರುಗುವುದರೊಳಗೆ ಮತ್ತೊಂದು ಏರು ಬಂದಿರುತ್ತದೆ. ಅಲ್ಲಿಯೇ ನಾನು ಇನ್ನೊಬ್ಬರ ಹಿಂದಿನ ಗಾಲಿಗೆ ಅಂಟಿಕೊಂಡು ಹೋಗುವುದನ್ನು ಕಲಿತದ್ದು. ಮುಂದಿನವಳು ಗಾಳಿಯನ್ನು ಸೀಳುವುದರಿಂದ ಹಿಂದಿನವಳಿಗೆ ಸುಮಾರು ಕಾಲುಭಾಗದಷ್ಟು ಶ್ರಮ ಉಳಿಯುತ್ತದೆ, ಆದರೆ ಅದಕ್ಕೆ ಎರಡು ಗಾಲಿಗಳ ನಡುವೆ ಗೇಣಿಗಿಂತ ಹೆಚ್ಚು ಅಂತರವಿರಕೂಡದು. ಒಂದು ಗೇಣು ದೂರದಲ್ಲಿ ಗಂಟೆಗೆ 35 ಕಿಲೋಮೀಟರ್ ವೇಗದಲ್ಲಿ ಹೋಗುವಾಗ ಮುಂದಿನವಳ ಗಾಲಿಯನ್ನಲ್ಲ, ಅವಳ ಭುಜವನ್ನು ನೋಡಬೇಕೆಂದು ತರಬೇತುದಾರರು ದಿನಕ್ಕೆ ಹತ್ತು ಸಲವಾದರೂ ಹೇಳುತ್ತಿದ್ದರು. ಗಾಲಿ ನೋಡುವವಳಿಗೆ ಅವಘಡ ನಡೆದ ಮೇಲೆ ತಿಳಿಯುತ್ತದೆ, ಭುಜ ನೋಡುವವಳಿಗೆ ನಡೆಯುವ ಮೊದಲೇ ಸುಳಿವು ಸಿಗುತ್ತದೆ.

ಎಲ್ಲಕ್ಕಿಂತ ಹೆಚ್ಚು ಹೊತ್ತು ಹೋದದ್ದು ಸೈಕಲ್ ದಾಟಿಸುವ ಅಭ್ಯಾಸಕ್ಕೆ. ಬರುತ್ತಿರುವವಳು ವೇಗ ಇಳಿಸುತ್ತ ಸೀಟಿನಿಂದ ಜಾರಿ ಎಡಗಾಲಿನ ಮೇಲೆ ಭಾರ ಹಾಕಿ, ಸೈಕಲ್ಲಿನಿಂದ ಹಾರಿ ಪಕ್ಕಕ್ಕೆ ಓಡಿಹೋಗಬೇಕು. ಕಾಯುತ್ತಿರುವವಳು ಆ ವೇಗಕ್ಕೆ ಸರಿಯಾಗಿ ಓಡುತ್ತ ಒಂದು ಕೈಯಿಂದ ಹ್ಯಾಂಡಲ್ಲನ್ನೂ ಇನ್ನೊಂದರಿಂದ ಸೀಟನ್ನೂ ಹಿಡಿದು ನೆಗೆದು ಕೂರಬೇಕು. ಇಬ್ಬರ ಕೈಗಳೂ ಹ್ಯಾಂಡಲ್ಲಿನ ಮೇಲೆ ಒಟ್ಟಿಗಿರುವುದು ಕಣ್ಣು ಮಿಟುಕಿಸುವಷ್ಟು ಹೊತ್ತು. ಹಿಡಿಯುವವಳು ಹಿಡಿದಳೆಂದು ಖಾತ್ರಿಯಾಗುವ ಮೊದಲೇ ಬಿಡುವವಳು ಬಿಡಬೇಕು. ಕಾದರೆ ಇಬ್ಬರೂ ಬೀಳುತ್ತಾರೆ. ನನಗೆ ಹಿಡಿಯುವುದು ಬೇಗ ಬಂತು, ಬಿಡುವುದು ಬರಲಿಲ್ಲ. ನಾಯಕಿಯ ಮೊಣಕಾಲು ಎರಡು ಸಲ ಸುಲಿದದ್ದು ನನ್ನಿಂದ. ಮೂರನೆಯ ಸಲ ಅವಳು ಕಿಟ್ಟದ ಪುಡಿ ಕೊಡವಿಕೊಳ್ಳುತ್ತ, ‘ನಾನು ಇದ್ದೇನೆ, ಬಿಡು’ ಎಂದಷ್ಟೇ ಹೇಳಿದಳು. ಆಮೇಲೆ ಪ್ರತಿ ಸಲವೂ ಅವಳು ಓಡುತ್ತಲೇ ‘ಇದ್ದೇನೆ’ ಎಂದು ಕೂಗುತ್ತಿದ್ದಳು, ಆ ದನಿ ಕೇಳಿದೊಡನೆ ನಾನು ಬಿಡುತ್ತಿದ್ದೆ.

ಹಾಳೆಯ ಕೆಲಸ ಅಷ್ಟು ಸಲೀಸಾಗಿ ಸಾಗಲಿಲ್ಲ. ಮೊದಲ ಎರಡು ವಾರಗಳಲ್ಲಿ ತುಂಬಿದ್ದು 11 ಮನೆಗಳು, ಅವುಗಳಲ್ಲಿ ಹೆಚ್ಚಿನವು ನಮ್ಮ ತಂದೆತಾಯಂದಿರವೇ. ಪರಿಚಯದವರಿಗೆಲ್ಲ ಬರೆದ ಪತ್ರಗಳಿಗೆ ಶುಭ ಹಾರೈಕೆಗಳು ಧಾರಾಳವಾಗಿ ಬಂದವು, ಹಣ ಬರಲಿಲ್ಲ. ಎದುರಿಗೆ ನಿಂತು ಕೇಳಬೇಕೆಂದು ಗೊತ್ತಿದ್ದರೂ ನನ್ನ ನಾಲಿಗೆ ಏಳುತ್ತಿರಲಿಲ್ಲ. ಆಗ ನೆನಪಾದದ್ದು ಮುತ್ಯಾ ಊರ ಗುಡಿಯ ಜಾತ್ರೆಗೆ ಪಟ್ಟಿ ಎತ್ತುತ್ತಿದ್ದ ರೀತಿ. ನೋಟ್‌ಪುಸ್ತಕವೊಂದನ್ನು ಕಂಕುಳಲ್ಲಿ ಇಟ್ಟುಕೊಂಡು ಮನೆ ಮನೆಗೆ ಹೋಗುತ್ತಿದ್ದ ಅವರ ಬೆನ್ನಿಗೆ ಚಿಕ್ಕವಳಾಗಿದ್ದಾಗ ನಾನೂ ಹೋಗಿದ್ದೇನೆ. ‘ಪಟ್ಟ್ಯಾಗ ಮೊದಲ ನಮ್ಮ ಹೆಸರ ಬರೀಬೇಕು, ಆಮ್ಯಾಲೆ ಮಂದಿ ಬಾಗಲಕ್ಕ ಹೋಗಬೇಕು’ ಎನ್ನುತ್ತಿದ್ದರು. ಅವರಿಗೆ ಇನ್ನೂ ಒಂದು ನಿಯಮವಿತ್ತು: ದೊಡ್ಡ ಮೊತ್ತ ಕೊಡುವ ಸಾಹುಕಾರರ ಮನೆಗೆ ಕೊನೆಗೆ ಹೋಗಬೇಕು, ಏಕೆಂದರೆ ಪಟ್ಟಿಯ ಮೇಲ್ಗಡೆ ಸಾವಿರ ರೂಪಾಯಿ ಕಂಡರೆ ಹತ್ತು ರೂಪಾಯಿ ಕೊಡುವವನು ನಾಚಿಕೊಂಡು ಬಾಗಿಲು ಹಾಕಿಕೊಳ್ಳುತ್ತಾನೆ. ಇದನ್ನು ನಾನು ತಂಡದವರಿಗೆ ಹೇಳಿದೆ. ಆ ರಾತ್ರಿಯೇ ನಾವು ನಾಲ್ವರೂ ತಲಾ 30 ಡಾಲರ್ ಹಾಕಿ ಮೊದಲ ನಾಲ್ಕು ಮನೆಗಳಲ್ಲಿ ನಮ್ಮ ಹೆಸರು ಬರೆದುಕೊಂಡೆವು. ಊಟದ ಮನೆಯಲ್ಲಿ ದುಡಿಯುವ ಗೆಳತಿ ತನ್ನ ಪಾಲನ್ನು ಐದೈದು ಡಾಲರಿನಂತೆ ಆರು ವಾರ ಕೊಟ್ಟು ತೀರಿಸಿದಳು. ಬೇಡವೆಂದರೂ ಅವಳು ಕೇಳಲಿಲ್ಲ, ಅದನ್ನು ಒತ್ತಾಯಿಸದಿದ್ದದ್ದು ಒಳ್ಳೆಯದೆಂದೇ ಈಗಲೂ ನನ್ನ ಭಾವನೆ.

ಫೆಬ್ರವರಿಯ ಒಂದು ಶನಿವಾರ ವಿದ್ಯಾರ್ಥಿನಿಲಯದ ಊಟದ ಮನೆಯ ಮುಂದಿನ ಹಜಾರದಲ್ಲಿ ರೋಲರ್ ಹಾಕಿ, ಬೆಳಗಿನ ಏಳರಿಂದ ಸಂಜೆಯ ಏಳರವರೆಗೆ ಸೈಕಲ್ ನಿಲ್ಲದಂತೆ ಅರ್ಧರ್ಧ ಗಂಟೆಗೊಬ್ಬರಂತೆ ತುಳಿದೆವು. ತುಳಿಯುವವಳ ಪಕ್ಕದಲ್ಲಿ ಹಾಳೆ, ಹಾಳೆಯ ಪಕ್ಕದಲ್ಲಿ ಒಬ್ಬಳು. ಬೆವರು ಸುರಿಯುತ್ತಿರುವ ಮನುಷ್ಯರನ್ನು ಕಂಡು ಜನ ತಾವಾಗಿಯೇ ನಿಂತು ವಿಚಾರಿಸುತ್ತಾರೆ, ನಾವಾಗಿ ಮಾತು ಶುರು ಮಾಡಬೇಕಾಗಿಲ್ಲವೆಂಬುದು ಆ ದಿನ ತಿಳಿಯಿತು. 30 ಡಾಲರ್ ಕೊಡಲಾಗದ ವಿದ್ಯಾರ್ಥಿಗಳು ಮೂವರು ನಾಲ್ವರು ಕೂಡಿ ಒಂದು ಮನೆ ಕೊಂಡರು. ಮಧ್ಯಾಹ್ನದ ಹೊತ್ತಿಗೆ ಊಟದ ಮನೆಯ ಕೆಲಸಗಾರರಲ್ಲಿ ಹಿರಿಯಳಾದ ಒಬ್ಬ ಹೆಂಗಸು ಏಪ್ರನ್ ಬಿಚ್ಚುತ್ತ ಬಂದು, ಒಂದೊಂದು ಡಾಲರಿನ ನೋಟುಗಳ ಕಟ್ಟೊಂದನ್ನು ಮೇಜಿನ ಮೇಲಿಟ್ಟರು. ತಮ್ಮಲ್ಲಿಯೇ ಕೂಡಿಸಿದ್ದ 30 ಡಾಲರ್. ಯಾರ ಹೆಸರು ಬರೆಯಲೆಂದು ಕೇಳಿದರೆ, ‘ಬೆಳಗಿನ ಪಾಳಿ ಎಂದು ಬರೆಯಿರಿ’ ಎಂದರು. ಪಾಳಿ ಆರಂಭವಾಗುವ ಗಂಟೆ ಐದಾದುದರಿಂದ ಐದನೆಯ ಮನೆಯೇ ಬೇಕೆಂದರು, ಅದೃಷ್ಟಕ್ಕೆ ಅದು ಖಾಲಿಯಿತ್ತು. ಅಂದು ಒಂದೇ ದಿನದಲ್ಲಿ 23 ಮನೆಗಳು ತುಂಬಿದವು.

ಬೇಸರದ ಸಂಗತಿಯೊಂದನ್ನೂ ಹೇಳಲೇಬೇಕು. ಪೇಟೆಯ ಅಂಗಡಿಯೊಂದರವರು ಹತ್ತು ಮನೆಗಳನ್ನು ತಾವೇ ತೆಗೆದುಕೊಳ್ಳುವುದಾಗಿ ಮಾತು ಕೊಟ್ಟರು. ನಾವು ಸಂಭ್ರಮದಲ್ಲಿ ಆ ಹತ್ತೂ ಮನೆಗಳಲ್ಲಿ ಶಾಯಿಯಿಂದ ಹೆಸರು ಬರೆದೆವು. ತಿಂಗಳು ಕಳೆದರೂ ಹಣ ಬರಲಿಲ್ಲ, ಮೂರು ಸಲ ಹೋಗಿ ಕೇಳಿದ ಮೇಲೆ ಈ ವರ್ಷ ಆಗುವುದಿಲ್ಲವೆಂಬ ಉತ್ತರ ಬಂತು. ಅಷ್ಟರಲ್ಲಿ ಆ ಮನೆಗಳನ್ನು ಕೇಳಿದ್ದ ಇಬ್ಬರನ್ನು ನಾವೇ ಬೇರೆ ಮನೆಗೆ ಕಳಿಸಿದ್ದೆವು. ಬಿಳಿ ಬಣ್ಣ ಹಚ್ಚಿ ಹತ್ತು ಹೆಸರುಗಳನ್ನು ಅಳಿಸುತ್ತ ಕುಳಿತ ರಾತ್ರಿ ನನಗೆ ಅಳು ಬಂದಿತ್ತು. ಅಂದಿನಿಂದ ಹಣ ಕೈಗೆ ಬರುವವರೆಗೆ ಪೆನ್ಸಿಲ್, ಬಂದ ಮೇಲೆ ಶಾಯಿ ಎಂಬ ಕ್ರಮ ಇಟ್ಟುಕೊಂಡೆವು. ಇಂಥ ಕೆಲಸಕ್ಕೆ ಕೈಹಾಕುವ ಯಾರಿಗೇ ಆದರೂ ನಾನು ಮೊದಲು ಹೇಳುವ ಮಾತು ಇದೇ.

ಮಾರ್ಚ್ ಕೊನೆಯಲ್ಲಿ ಅರ್ಹತಾ ಸುತ್ತು ನಡೆಯಿತು. ನಾಲ್ವರೂ ಒಂದೊಂದು ಸುತ್ತು, ನಡುವೆ ಮೂರು ಸಲ ಸೈಕಲ್ ದಾಟಿಸುವುದು, ಒಟ್ಟು ಒಂದು ಮೈಲಿ. ಮೂರು ಅವಕಾಶಗಳಿರುತ್ತವೆ. ಮೊದಲನೆಯದರಲ್ಲಿ ನಾನೂ ಚೆಲ್ಲೋ ನುಡಿಸುವವಳೂ ಸೈಕಲ್ಲನ್ನು ಕೈತಪ್ಪಿಸಿ ಕೆಳಗೆ ಬೀಳಿಸಿದೆವು. ಎರಡನೆಯದರಲ್ಲಿ ಮೂರು ನಿಮಿಷಕ್ಕೆ ತುಸು ಹೆಚ್ಚು ಹೊತ್ತಿನಲ್ಲಿ ಮುಗಿಸಿ ಓಟಕ್ಕೆ ಸೇರಿದೆವು. ಓಟ ಖಚಿತವಾದ ಮೇಲೆ ಉಳಿದದ್ದು ಹಾಳೆಯ ಕೊನೆಯ ಮೂವತ್ತು ಚಿಲ್ಲರೆ ಮನೆಗಳು.

ಅದೇ ವಾರಾಂತ್ಯಕ್ಕೆ ಇಂಡಿಯಾನಾಪೊಲಿಸಿನಲ್ಲಿ ಕನ್ನಡದ ಕುಟುಂಬಗಳು ಶಾಲೆಯೊಂದರ ಸಭಾಂಗಣದಲ್ಲಿ ಯುಗಾದಿ ಆಚರಿಸುತ್ತಿದ್ದವು. ಅಪ್ಪ ಅವ್ವನ ಜೊತೆ ಹೋದೆ, ಗ್ಯಾರಿಯ ಗೆಳತಿಯನ್ನೂ ಕರೆದುಕೊಂಡು ಹೋದೆ. ಬೇವುಬೆಲ್ಲ ಹಂಚುವ ಮೇಜಿನ ಪಕ್ಕದಲ್ಲಿ ಹಾಳೆ ಹರಡಿಕೊಂಡು ನಿಂತೆವು. ಮಗನ ಮನೆಗೆಂದು ಮೈಸೂರಿನಿಂದ ಬಂದಿದ್ದ, ಎಂಬತ್ತರ ಆಸುಪಾಸಿನ ಹಿರಿಯರೊಬ್ಬರು, ‘ಓದೋದು ಬಿಟ್ಟು ಸೈಕಲ್ ಯಾಕಮ್ಮಾ?’ ಎಂದು ಕೇಳಿದರು. ನಾನು ದುಡಿದು ಓದುವವರ ನಿಧಿಯ ವಿಷಯ ಹೇಳಿ, ಪಕ್ಕದಲ್ಲಿದ್ದ ಗೆಳತಿಯ ಬೆಳಗಿನ ಪಾಳಿಯ ಬಗ್ಗೆಯೂ ಹೇಳಿದೆ. ಅವರು ಬಹಳ ಹೊತ್ತು ಅವಳನ್ನೇ ನೋಡಿ, ತಾವು ವಾರಾನ್ನದಲ್ಲಿ ಓದಿದವರೆಂದರು. ಅವಳಿಗೆ ಇಂಗ್ಲಿಷಿನಲ್ಲಿ ವಾರಾನ್ನವೆಂದರೇನೆಂದು ವಿವರಿಸುವ ಕೆಲಸ ನನ್ನ ಪಾಲಿಗೆ ಬಂತು: ಊರಿನಿಂದ ಓದಲು ಬಂದ ಬಡ ಹುಡುಗನಿಗೆ ವಾರದ ಏಳು ದಿನ ಏಳು ಮನೆಗಳಲ್ಲಿ ಊಟ, ಸೋಮವಾರ ಒಬ್ಬರಲ್ಲಿ, ಮಂಗಳವಾರ ಇನ್ನೊಬ್ಬರಲ್ಲಿ. ನಾನು ಹೇಳಿ ಮುಗಿಸುವಷ್ಟರಲ್ಲಿ ಅವರು ಮಗನಿಂದ ಪೆನ್ನು ಇಸಿದುಕೊಂಡು ಸಾಲಾಗಿ ಏಳು ಮನೆಗಳಲ್ಲಿ, ನಡುಗುವ ಕೈಯಿಂದ, ಕನ್ನಡದಲ್ಲಿಯೇ ಏಳು ಹೆಂಗಸರ ಹೆಸರು ಬರೆದರು. ಅರವತ್ತು ವರ್ಷಗಳಿಗೂ ಹಿಂದೆ ತಮಗೆ ಬಡಿಸಿದ ಏಳು ತಾಯಂದಿರ ಹೆಸರುಗಳಲ್ಲಿ ಒಂದನ್ನೂ ಅವರು ಮರೆತಿರಲಿಲ್ಲ. 210 ಡಾಲರನ್ನು ಮಗ ಕೊಟ್ಟರು. ಹಿಂದಿರುಗುವ ದಾರಿಯುದ್ದಕ್ಕೂ ಗೆಳತಿ ಆ ಏಳು ಹೆಸರುಗಳನ್ನು ಹೇಗೆ ಉಚ್ಚರಿಸಬೇಕೆಂದು ನನ್ನಿಂದ ಕೇಳಿ ಕೇಳಿ ಕಲಿತಳು.

ಕೊನೆಯ ಮನೆ ಮಾತ್ರ ಜನವರಿಯಲ್ಲೇ ಹೋಗಿತ್ತು. ಶಹಾಬಾದದಲ್ಲಿರುವ ಆಯಿ ಫೋನಿನಲ್ಲಿ ಎಲ್ಲ ಕೇಳಿಸಿಕೊಂಡು, ಎಲೆಯಡಿಕೆಯ ಸಂಚಿಯಲ್ಲಿ ಕೂಡಿಟ್ಟಿದ್ದ ಹಣವನ್ನು ಕಾಕಾನ ಕೈಯಿಂದ ಅಪ್ಪನ ಖಾತೆಗೆ ಹಾಕಿಸಿದ್ದರು. ‘ಕಡೀ ಸುತ್ತು ನಂದಿರಲಿ ಯವ್ವಾ. ಮುಗಸೂ ಹೊತ್ತಿಗೆ ನನ್ನ ನೆನಪಾಗಬೇಕು’ ಎಂದಿದ್ದರು. ನೂರನೆಯ ಮನೆಯಲ್ಲಿ ‘ಆಯಿ’ ಎಂದು ಶಾಯಿಯಿಂದ ಬರೆದಿದ್ದೆ.

ಓಟದ ಶುಕ್ರವಾರ ಬಿಸಿಲಿತ್ತು, ಕಿಟ್ಟದ ಪುಡಿ ಒಣಗಿ ಸಡಿಲವಾಗಿತ್ತು. ನಮ್ಮ ಪಿಟ್ಟಿನಲ್ಲಿ, ಎಂದರೆ ದಾರಿಯ ಪಕ್ಕದಲ್ಲಿ ತಂಡ ಕಾಯುವ ಜಾಗದಲ್ಲಿ, ತರಬೇತುದಾರರು ಹಾಳೆಯನ್ನು ಹಲಗೆಯೊಂದಕ್ಕೆ ಬಿಗಿದು, ಸುತ್ತು ಮುಗಿದಂತೆಲ್ಲ ಒಂದೊಂದು ಮನೆಗೆ ಗೆರೆ ಎಳೆಯುತ್ತ ಆ ಹೆಸರನ್ನು ಗಟ್ಟಿಯಾಗಿ ಓದುತ್ತಿದ್ದರು. ಮೊದಲು ಹೊರಟದ್ದು ನಾಯಕಿ. ಐದನೆಯ ಸುತ್ತಿಗೆ ಪ್ರೇಕ್ಷಕರ ನಡುವೆ ಎಲ್ಲಿಂದಲೋ ಊಟದ ಮನೆಯ ಕೆಲಸಗಾರರ ಕೂಗು ಕೇಳಿಸಿತು. ವಾರಾನ್ನದ ಏಳು ಸುತ್ತುಗಳನ್ನು ಗ್ಯಾರಿಯ ಗೆಳತಿ ತಾನೇ ತುಳಿಯುತ್ತೇನೆಂದು ಮೊದಲೇ ಕೇಳಿಕೊಂಡಿದ್ದಳು. ಸರದಿಯ ಲೆಕ್ಕ ಅದಕ್ಕೆ ಹೊಂದುವಂತೆ ನಾಯಕಿ ಒಂದು ಸುತ್ತು ಹೆಚ್ಚು ತುಳಿದು ಅವಳಿಗೆ ಸೈಕಲ್ ದಾಟಿಸಿದಳು. ಮೈಸೂರಿನ ಆ ಹೆಸರುಗಳನ್ನು ತರಬೇತುದಾರರಿಗೆ ಓದಲಾಗದುದರಿಂದ ನಾನು ಓದಿದೆ. ಆ ಏಳು ಸುತ್ತುಗಳಲ್ಲಿ ಅವಳು ಮೂರು ತಂಡಗಳನ್ನು ಹಿಂದೆ ಹಾಕಿದಳು.

ನಾನು ಬಿದ್ದದ್ದು 61ನೆಯ ಸುತ್ತಿನ ಮೂರನೆಯ ತಿರುವಿನಲ್ಲಿ. ನನ್ನ ಮುಂದಿನವಳ ಭುಜ ಎಡಕ್ಕೆ ಎಳೆದದ್ದನ್ನು ಕಂಡೆ, ಏನಾಗಲಿದೆಯೆಂದೂ ತಿಳಿಯಿತು, ಆದರೆ ತಪ್ಪಿಸಿಕೊಳ್ಳಲು ನನ್ನ ಬಲಕ್ಕೆ ಜಾಗವಿರಲಿಲ್ಲ. ನಾಲ್ವರು ಒಬ್ಬರ ಮೇಲೊಬ್ಬರು ಉರುಳಿದೆವು. ಹಳದಿ ಬಾವುಟ ಏರಿತು. ಎಡ ಮೊಣಕೈಯಿಂದ ಮುಂಗೈವರೆಗೆ ಚರ್ಮ ಕಪ್ಪಾಗಿ ಕಂಡಿತು, ನೋವು ಆಮೇಲೆ ಬಂತು. ಸೈಕಲ್ಲಿನ ಚೈನು ಕಳಚಿ ಸಿಕ್ಕಿಹಾಕಿಕೊಂಡಿದ್ದರಿಂದ ಅದನ್ನು ಭುಜದ ಮೇಲೆ ಹೊತ್ತು ಪಿಟ್ಟಿನ ಕಡೆಗೆ ಓಡಿದೆ. ಎದುರಿನಿಂದ ನಾಯಕಿ ಎರಡನೆಯ ಸೈಕಲ್ ಹಿಡಿದು ಸಿದ್ಧಳಾಗಿದ್ದಳು. ಅವಳು ಹೊರಡುವಾಗಲೂ ಅಭ್ಯಾಸಬಲದಿಂದ ‘ಇದ್ದೇನೆ’ ಎಂದು ಕೂಗಿದ್ದು ನನಗೆ ಚೆನ್ನಾಗಿ ನೆನಪಿದೆ. 61ನೆಯ ಮನೆಯಲ್ಲಿದ್ದ ಹೆಸರು ಹಜಾರದಲ್ಲಿ ರೋಲರ್ ನೋಡಲು ನಿಂತಿದ್ದ ಯಾರೋ ಒಬ್ಬರದು. ಅವರ ಮುಖ ನನಗೆ ನೆನಪಿರಲಿಲ್ಲ, ಅವರ ಸುತ್ತನ್ನು ಕೆಡಿಸಿದೆನೆಂಬ ದುಃಖ ಮಾತ್ರ ಮೊಣಕೈಗಿಂತ ಹೆಚ್ಚು ಉರಿಯಿತು. ಚೆಲ್ಲೋ ನುಡಿಸುವವಳು ತನ್ನ ದಪ್ಪ ಕೈಗವಸು ಬಿಚ್ಚಿ, ಬ್ರಷ್ಷಿನಿಂದ ನನ್ನ ಗಾಯದೊಳಗಿನ ಹರಳುಗಳನ್ನು ಒಂದೊಂದಾಗಿ ತೆಗೆದಳು.

ಮತ್ತೆ ಎರಡು ಸಲ ನಾನು ಸೈಕಲ್ ಹತ್ತಿದೆ. ಆದರೆ ಕಳೆದ ಸಮಯವನ್ನು ಕೂಡಿಸಿಕೊಳ್ಳಲು ಆಗಲಿಲ್ಲ. ಮೊದಲ ತಂಡ ಒಂದು ಗಂಟೆ ಹತ್ತು ನಿಮಿಷಗಳ ಸುಮಾರಿಗೆ ನೂರನೆಯ ಸುತ್ತು ಮುಗಿಸಿದಾಗ ನಾವು 96ನೆಯದರಲ್ಲಿದ್ದೆವು. ಅದು ಮುಗಿಯುತ್ತಲೇ ನಮ್ಮ ಓಟವೂ ಮುಗಿಯಿತು. 24ನೆಯ ಸ್ಥಾನ. ಹೊಸಬರು ಇಬ್ಬರಿದ್ದ ತಂಡಕ್ಕೆ ಅದು ಒಳ್ಳೆಯ ಸ್ಥಾನವೇ ಆಗಿತ್ತು, ನಾವು ಒಬ್ಬರನ್ನೊಬ್ಬರು ತಬ್ಬಿಕೊಂಡು ಸಂತೋಷಪಟ್ಟೆವು. ಹಲಗೆ ಬಿಚ್ಚುವಾಗ ಹಾಳೆಯ ಕೆಳಸಾಲಿನಲ್ಲಿ ಗೆರೆ ಬೀಳದ ನಾಲ್ಕು ಮನೆಗಳು ಕಂಡವು. ನಾಲ್ವರೂ ಮಾತಿಲ್ಲದೆ ನಿಂತೆವು.

ಹಣ ಅದಾಗಲೇ ಪೂರ್ತಿ ಬಂದಿತ್ತು, ಮನೆ ಮಾರಾಟದ 3,000 ಡಾಲರಿನ ಜೊತೆಗೆ ಡಬ್ಬಿಗೆ ಬಿದ್ದ 164 ಡಾಲರ್ ಬೇರೆ. ಆ ನಾಲ್ಕು ಮನೆಗಳವರು ಯಾರೂ ಹಣ ವಾಪಸು ಕೇಳುತ್ತಿರಲಿಲ್ಲ. ತರಬೇತುದಾರರೂ ಅದನ್ನೇ ಹೇಳಿದರು. ನಾಯಕಿ ಒಪ್ಪಲಿಲ್ಲ. ಸುತ್ತು ಕೊಡುತ್ತೇವೆಂದು ಹಣ ತೆಗೆದುಕೊಂಡಿದ್ದೇವೆ, ಕೊಟ್ಟ ಮೇಲೆಯೇ ನಿಧಿಗೆ ಕಳಿಸೋಣವೆಂದಳು. ನನಗೂ ಮುತ್ಯಾನ ನೋಟ್‌ಪುಸ್ತಕ ನೆನಪಾಗಿ ಅವಳ ಮಾತೇ ಸರಿಯೆನ್ನಿಸಿತು.

ಭಾನುವಾರ ಸಂಜೆ ತರಬೇತುದಾರರು ಅಳತೆಯ ಗಾಲಿಯೊಂದನ್ನು ತಂದು ನಮ್ಮ ವಿದ್ಯಾರ್ಥಿನಿಲಯದ ಸುತ್ತ ಉರುಳಿಸಿಕೊಂಡು ಬಂದರು. ಕಟ್ಟಡವನ್ನು ಎರಡು ಸಲ ಸುತ್ತಿದರೆ ಓಟದ ಒಂದು ಸುತ್ತಿಗೆ ಸರಿಹೋಗುತ್ತಿತ್ತು. ಸ್ಪರ್ಧೆಯ ಅದೇ ಸೈಕಲ್ ಹೊರತೆಗೆದೆವು. 97 ನಾಯಕಿಯದು, 98 ಚೆಲ್ಲೋ ನುಡಿಸುವವಳದು, 99 ಗ್ಯಾರಿಯವಳದು, 100 ನನ್ನದು ಎಂದು ನಿಶ್ಚಯಿಸಿ, ದಾಟಿಸುವುದನ್ನೂ ಬಿಡದೆ ಓಟದ ನಿಯಮದಂತೆಯೇ ಮಾಡಿದೆವು. ಮೊದಲ ಸುತ್ತಿಗೆ ಒಂದೆರಡು ಕಿಟಕಿಗಳು ತೆರೆದವು. ಮೂರನೆಯದಕ್ಕೆ ಇಡೀ ಮುಂಭಾಗದ ಕಿಟಕಿಗಳಲ್ಲಿ ತಲೆಗಳು ಕಂಡವು, ಯಾರೋ ಪಾತ್ರೆ ಬಡಿಯುತ್ತಿದ್ದರು. ಗ್ಯಾರಿಯ ಗೆಳತಿ ಸೈಕಲ್ಲಿನಿಂದ ಹಾರುವ ಮೊದಲು ನಾನು ‘ಇದ್ದೇನೆ’ ಎಂದು ಕೂಗಿದೆ, ಅವಳು ಬಿಟ್ಟಳು.

ಸಂಜೆಯ ಎಂಟು ಗಂಟೆ, ಇನ್ನೂ ಬೆಳಕಿತ್ತು. ಶಹಾಬಾದದಲ್ಲಿ ಸೋಮವಾರ ಬೆಳಗಿನ ಐದೂವರೆ. ಅಂಗಳಕ್ಕೆ ನೀರು ಹೊಡೆಯಲು ಎದ್ದಿದ್ದ ಆಯಿಗೆ ಕಾಕಾ ಫೋನು ಹಿಡಿದು ತೋರಿಸುತ್ತಿದ್ದ, ಇಲ್ಲಿ ನಾಯಕಿ ತನ್ನ ಫೋನನ್ನು ಎತ್ತಿ ಹಿಡಿದಿದ್ದಳು. ಪಟ್ಟಿ ಕಟ್ಟಿದ ಮೊಣಕೈ ಮಡಚಲು ಬಾರದೆ ಒಂದೇ ಕೈಯಲ್ಲಿ ಹ್ಯಾಂಡಲ್ ಬಿಗಿಹಿಡಿದು ಎರಡು ಸುತ್ತು ಬಂದು, ಸೈಕಲ್ಲನ್ನು ಗೋಡೆಗೆ ಒರಗಿಸಿ, ಏದುಸಿರಿನಲ್ಲಿಯೇ ನೂರನೆಯ ಮನೆಗೆ ಗೆರೆ ಎಳೆದೆ. ಆಮೇಲೆ ಫೋನಿನ ಮುಂದೆ ನಿಂತೆ. ನಾನು ಮುಗಿಯಿತೆಂದು ಹೇಳುವುದರೊಳಗೆ ಆಯಿ ನನ್ನ ಹಿಂದಿನ ಕಟ್ಟಡದ ಕಡೆಗೆ ಕಣ್ಣು ಕಿರಿದು ಮಾಡಿ ನೋಡುತ್ತ ಕೇಳಿದರು: ‘ಕಿಡಕ್ಯಾಗ ನಿಂತು ಅಷ್ಟು ಒದರಲಾಕತ್ತಾರಲ್ಲ, ಅವರ್ಯಾರ ಯವ್ವಾ? ಹಂಗ ಫೋನ ಅವರ ಕಡಿ ತಿರಗಸು, ನೋಡತೀನಿ.’